ಎರೆಸೀಮೆಯ ಎರಡು ಎಣ್ಣೆಗಳು

ಲಿಂಗಸುಗೂರಿನಿಂದ ಹೊರಟು, ಮಸ್ಕಿಯ ಬೆಟ್ಟವನ್ನು ಬಳಸಿ, ಸಿಂಧನೂರನ್ನು ಸೇರುವ ಐವತ್ತು ಚಿಲ್ಲರೆ ಕಿಲೋಮೀಟರುಗಳ ಹೆದ್ದಾರಿಯಲ್ಲಿ, ಭತ್ತದ ಕೊಯ್ಲಿನ ದಿನಗಳ ಒಂದು ಸಂಜೆ ಕಾರು ನಡೆಸಿಕೊಂಡು ಬಂದವನಿಗೆ, ತನ್ನ ವೇಗವು ತನ್ನ ಎಂಜಿನ್ನಿನ ವಶದಲ್ಲಿಲ್ಲ, ಮುಂದೆ ಸಾಗುತ್ತಿರುವ ಟ್ರ್ಯಾಲಿಯವನ ಔದಾರ್ಯದಲ್ಲಿದೆ ಎಂಬ ಅರಿವು ಬಹು ಬೇಗನೆ ಉಂಟಾಗುವುದು. ಬಣವೆಯೊಂದು ತಾನಾಗಿ ಎದ್ದು ನಡೆಯತೊಡಗಿತೋ ಎಂಬಂತೆ ರಸ್ತೆಯ ಅಗಲವನ್ನೆಲ್ಲ ಆವರಿಸಿಕೊಂಡು, ಹಿಂದಿನ ದೀಪವನ್ನು ಮರೆತು ಹಾಡಿನ ಪೆಟ್ಟಿಗೆಯನ್ನು ಮಾತ್ರ ಗಟ್ಟಿಯಾಗಿ ನುಡಿಸುತ್ತ ಹೋಗುವ ಆ ಟ್ರ್ಯಾಕ್ಟರಿನ ಬೆನ್ನಿಗೆ ಹತ್ತಾರು ವಾಹನಗಳು ಸಾಲುಗಟ್ಟಿರುತ್ತವೆ. ಎದುರಿನ ಲಾರಿ ಸರಿದು ಮುಂದಿನ ತಗ್ಗು ಎದುರಾಗುವುದರೊಳಗೆ ದೊರೆಯುವ ಏಳೆಂಟು ಕ್ಷಣಗಳ ತೆರವಿನಲ್ಲಿ ಯಾವ ಗಾಡಿ ಮುನ್ನುಗ್ಗಿ ಪಾರಾಗುವುದೋ ಅದೇ ಈ ಸೀಮೆಯ ಲೆಕ್ಕದಲ್ಲಿ ಸ್ಪೋರ್ಟ್ಸ್ ಕಾರು. ಅದರ ಆಕಾರ, ಬಣ್ಣ, ಗಾಲಿಯ ಹೊಳಪು ಇವೆಲ್ಲ ಪಟ್ಟಣಿಗರ ಚಿಂತೆ. ಅಂಥ ಗಾಡಿಯ ಹೊಟ್ಟೆಯಲ್ಲಿ ಪೆಟ್ರೋಲು ಇರತಕ್ಕದ್ದೋ ಡೀಸೆಲ್ ಇರತಕ್ಕದ್ದೋ ಎಂಬ ವಾದವು ಜಗತ್ತಿನಲ್ಲೆಲ್ಲ ಬಹುಕಾಲದಿಂದ ನಡೆದು ಬಂದಿರುವುದಾದರೂ, ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬಿನಲ್ಲಿ ಅದಕ್ಕೆ ದೊರೆತ ಉತ್ತರದ ಹಿಂದೆ ಬೇರೆಯದೇ ಒಂದು ಚರಿತ್ರೆಯುಂಟು. ಸಿಂಧನೂರಿನ ಒಬ್ಬ ಹಳೆಯ ಮಿಸ್ತ್ರಿ ಅದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದ: “ಪೆಟ್ರೋಲ್ ಗಾಡಿ ಓಡತೈತ್ರೀ ಸರ, ಡೀಸೆಲ್ ಗಾಡಿ ಜಗ್ಗತೈತ್ರೀ.” ಓಡುವುದು ಬೇರೆ, ಜಗ್ಗುವುದು ಬೇರೆ; ಈ ಸೀಮೆ ಎರಡನೆಯದನ್ನು ಏಕೆ ಮೆಚ್ಚಿತೆಂಬುದನ್ನು ಅವನಷ್ಟು ಚುಟುಕಾಗಿ ಹೇಳುವ ಶಕ್ತಿ ನನಗಿಲ್ಲದ ಕಾರಣ ಈ ಪ್ರಬಂಧ.

ಭೇದದ ಮೂಲವಿರುವುದು ಬೆಂಕಿ ಹೊತ್ತಿಸುವ ಬಗೆಯಲ್ಲಿ. ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ಸಿದ್ಧಪಡಿಸಿದ ಎಂಜಿನ್ನಿನ ಸಂತತಿಯಾದ ಪೆಟ್ರೋಲ್ ಯಂತ್ರವು ಗಾಳಿಯೊಡನೆ ಎಣ್ಣೆಯ ಆವಿಯನ್ನು ಬೆರೆಸಿ, ಎಂಟು ಹತ್ತು ಪಟ್ಟು ಹಿಂಡಿ, ಪ್ಲಗ್ಗಿನ ಕಿಡಿಯಿಂದ ಅದನ್ನು ಹೊತ್ತಿಸುವುದು. ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಪರೀಕ್ಷೆಗೆ ಒಡ್ಡಿದ ಯಂತ್ರದ ವಂಶವಾದರೋ ಗಾಳಿಯೊಂದನ್ನೇ ಹದಿನೈದು ಇಪ್ಪತ್ತು ಪಟ್ಟಿನಷ್ಟು ಹಿಂಡಿ, ಆ ಒತ್ತಡ ಮಾತ್ರದಿಂದಲೇ ಕುಲುಮೆಯಂತೆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ಚಿಮ್ಮಿಸಿ, ಕಿಡಿಯ ಹಂಗಿಲ್ಲದೆ ಅದು ತಾನೇ ಉರಿಯುವಂತೆ ಮಾಡುವುದು. ಆಗ್ಸ್‌ಬರ್ಗಿನ ಪರೀಕ್ಷೆಯಲ್ಲಿ ಎಣ್ಣೆಯ ಶಾಖದ ಕಾಲು ಭಾಗಕ್ಕೂ ಮಿಗಿಲಾದುದು ಕೆಲಸವಾಗಿ ಪರಿಣಮಿಸಿತೆಂಬುದು ಉಗಿಯಂತ್ರಗಳ ದುಂದನ್ನು ಕಂಡಿದ್ದ ಆ ಕಾಲಕ್ಕೆ ಅದ್ಭುತವೇ ಆಗಿತ್ತು. ಆದರೆ ಅಷ್ಟು ಒತ್ತಡವನ್ನು ತಾಳಬೇಕಾದ ಮೈ ದಪ್ಪವಾಗಿರಬೇಕು. ದಪ್ಪ ಮೈಯ ಯಂತ್ರ ಮೆಲ್ಲನೆ ತಿರುಗಬೇಕು. ಮೆಲ್ಲನೆ ತಿರುಗಿದರೂ ಪ್ರತಿಯೊಂದು ಸುತ್ತಿನಲ್ಲಿಯೂ ಅದು ಹಾಕುವ ಪಟ್ಟು ಬಲವಾಗಿರುವುದು. ಈ ಪಟ್ಟಿಗೆ ಶಾಸ್ತ್ರಜ್ಞರು ಟಾರ್ಕ್ ಎನ್ನುವರು, ತಿರುಗುಬಲವೆಂದು ಕನ್ನಡಿಸಬಹುದು. ಮಿಸ್ತ್ರಿಯ ಜಗ್ಗು ಎಂಬ ಮಾತೇ ಎಲ್ಲಕ್ಕಿಂತ ಸಮರ್ಪಕವೆಂದು ನನಗೆ ತೋರುತ್ತದೆ. ಅಶ್ವಬಲವೆಂಬುದಾದರೋ ಈ ಜಗ್ಗನ್ನು ಸುತ್ತುಗಳ ವೇಗದಿಂದ ಗುಣಿಸಿದಾಗ ಬರುವ ಲಬ್ಧ. ಆದುದರಿಂದ ಹಗುರಾದ ಪೆಟ್ರೋಲ್ ಯಂತ್ರವು ಅಲ್ಪ ಜಗ್ಗಿನಿಂದಲೇ, ಬಹು ರಭಸವಾಗಿ ಸುತ್ತಿ ಸುತ್ತಿ, ದೊಡ್ಡ ಅಶ್ವಬಲವನ್ನು ಸಂಪಾದಿಸಬಲ್ಲುದು. ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವೆನು: 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಫ್ರಾನ್ಸಿನ ಆಟೊ ಕಂಪನಿಯವರು ಸಣ್ಣ ಡೀಸೆಲ್ ಯಂತ್ರವೊಂದನ್ನು ನೆಲಗಡಲೆಯ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ಶೇಂಗಾ ಬೆಳೆದು ಗಾಣಕ್ಕೆ ಹಾಕಿಸುವ ರಾಯಚೂರು ಜಿಲ್ಲೆಯವರು ಈ ಯಂತ್ರವನ್ನು ಪರಕೀಯವೆಂದು ಎಣಿಸಬೇಕಾದ ಕಾರಣವೇ ಇಲ್ಲ.

ಯಂತ್ರಗಳು ಬರುವುದಕ್ಕೆ ಮುಂಚೆಯೇ ಓಟಕ್ಕೂ ಜಗ್ಗಿಗೂ ನಡುವಣ ಈ ಆಯ್ಕೆಯನ್ನು ನಮ್ಮ ನಾಡು ಒಮ್ಮೆ ಮಾಡಿಕೊಂಡಿತ್ತು. ಅದು ನಡೆದುದು ದನಗಳ ವಿಷಯದಲ್ಲಿ. ಕುದುರೆಯನ್ನು ಈ ಲೆಕ್ಕಕ್ಕೆ ಹಿಡಿಯಬಾರದು. ರಾಯಚೂರು ಮುದಗಲ್ಲುಗಳ ಕೋಟೆಗಳಿಗಾಗಿ ವಿಜಯನಗರದವರೂ ಬಹಮನಿಗಳೂ ಆ ಬಳಿಕ ಆದಿಲಶಾಹಿಗಳೂ ತಲೆಮಾರುಗಳ ಕಾಲ ಕಾದಾಡಿದ, 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುಕೊಂಡ ಈ ಭೂಮಿಯ ಮೇಲೆ ಓಡಿದ ಕುದುರೆಗಳಿಗೆ ಎಣಿಕೆಯಿಲ್ಲವಾದರೂ, ಅವು ಕಡಲಾಚೆಯಿಂದ ಹೊನ್ನು ತೆತ್ತು ತರಿಸಿದ ಅರಸರ ಸ್ವತ್ತು. ರೈತನು ಅವನ್ನು ಕಂಡದ್ದು ತನ್ನ ಬೆಳೆ ತುಳಿದು ಹೋಗುವಾಗ. ರೈತನ ಎಂಜಿನ್ನು ಎತ್ತು. ಆ ಎತ್ತಿನಲ್ಲಿಯೂ ಎರಡು ಬಗೆ. ಮೈಸೂರು ಸೀಮೆಯ ಹಳ್ಳಿಕಾರ್ ಅಮೃತಮಹಲ್ ತಳಿಗಳು ಸಪುರ ಮೈಯ, ಚೂಪು ಕೊಂಬಿನ, ಚುರುಕು ನಡಿಗೆಯ ದನಗಳು. ಹೈದರನ ಮತ್ತು ಟಿಪ್ಪುವಿನ ತೋಪುಗಳನ್ನು ಶತ್ರುವು ಊಹಿಸದ ವೇಗದಲ್ಲಿ ಎಳೆದೊಯ್ದು ಕೀರ್ತಿ ಪಡೆದುವು. ಅವು ಪೆಟ್ರೋಲ್ ಜಾತಿ ಎಂದರೆ ದನಗಳಿಗೂ ಪೆಟ್ರೋಲಿಗೂ ಅವಮಾನವಾಗಲಾರದು. ಕೃಷ್ಣೆಯ ಬಯಲಿನ ಎರೆ ನೆಲದಲ್ಲಿ ಆ ಚುರುಕಿಗೆ ಬೆಲೆಯಿಲ್ಲ. ಮಳೆ ಬಿದ್ದಾಗ ಅಂಟಾಗಿ ಗಾಲಿಯನ್ನೇ ನುಂಗುವ, ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವ ಈ ಮಣ್ಣಿನಲ್ಲಿ ನೇಗಿಲು ಹೂಡಬೇಕಾದರೆ ಮೆಲ್ಲನೆ ನಡೆದು ಬಲವಾಗಿ ಎಳೆಯುವ ಪ್ರಾಣಿ ಬೇಕು. ಆದುದರಿಂದಲೇ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಸಾಂಗ್ಲಿಯೇ ಮೊದಲಾದ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು, ಕಾಠಿಯಾವಾಡದ ಗೀರ್ ಮತ್ತು ಕರಾವಳಿ ಆಂಧ್ರದ ಒಂಗೋಲು ಮೊದಲಾದ ಹೋರಿಗಳನ್ನು ತರಿಸಿ ನಾಡದನಗಳೊಡನೆ ಕೂಡಿಸಿ, ಕೃಷ್ಣಾ ಕಣಿವೆ ಎಂಬ ಭಾರಿ ಮೈಯ ತಳಿಯನ್ನು ಬೆಳೆಸಿದರು. ಒಂದು ಮಣ್ಣಿಗಾಗಿಯೇ ಒಂದು ಎಂಜಿನ್ನನ್ನು ರೂಪಿಸಿದಂತೆ ಆಯಿತು. ಆ ತಳಿ ಇಂದು ವಿರಳವಾಗಿದ್ದರೂ ಅದರ ಹಿಂದಿನ ಅಭಿರುಚಿ ವಿರಳವಾಗಿಲ್ಲ: ಕಾರಹುಣ್ಣಿಮೆಯ ಸಮಯದಲ್ಲಿ ರಾಯಚೂರಿನಲ್ಲಿ ಸಾವಿರಾರು ಜನ ನೆರೆದು ನೋಡುವ ಪಂದ್ಯವೆಂದರೆ ಟನ್ನುಗಟ್ಟಲೆ ಭಾರದ ಕಲ್ಲನ್ನು ಜೋಡೆತ್ತುಗಳಿಂದ ಎಳೆಸುವ ಪಂದ್ಯ. ಅಲ್ಲಿ ಗೆಲ್ಲುವ ಜೋಡಿ ಓಡುವುದಿಲ್ಲ. ಮೊಣಕಾಲು ಮಡಿಸಿ, ಕತ್ತು ಚಾಚಿ, ನೆಲವನ್ನೇ ಹಿಂದಕ್ಕೆ ನೂಕುವಂತೆ ಹೆಜ್ಜೆಯಿಡುವುದು. ಕ್ರೀಡೆಯೆಂದರೆ ವೇಗವೆಂದು ತಿಳಿದ ಪರಸ್ಥಳದವನಿಗೆ ಆ ಆಟ ಜಡವಾಗಿ ತೋರೀತು; ಊರಿನವನು ಮಾತ್ರ ಆ ಮೊದಲ ಗೇಣು ಸರಿಯುವ ಗಳಿಗೆಗಾಗಿ ಉಸಿರು ಬಿಗಿಹಿಡಿದಿರುವನು.

ಮೋಟಾರು ಇಲ್ಲಿಗೆ ಬಂದುದು ಪೆಟ್ರೋಲಿನ ವಾಸನೆಯೊಡನೆಯೇ. ನಿಜಾಮರ ರಾಜ್ಯಕ್ಕೆ ಸೇರಿದ್ದ ಲಿಂಗಸುಗೂರು ಹಿಂದೆ ಹೈದರಾಬಾದ್ ಕಂಟಿಂಜೆಂಟಿನ ಪಾಳೆಯವಾಗಿ, 1905ರವರೆಗೆ ಜಿಲ್ಲೆಯ ಮುಖ್ಯಸ್ಥಳವಾಗಿ ಮೆರೆದಿತ್ತು. ಅದರ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿತ್ತು. ಹಾಗೆ ಚಿನ್ನವನ್ನು ಅರಸುತ್ತ ಬಂದ ಬೀಡನ್ ಎಂಬ ಎಂಜಿನಿಯರನೇ 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು ಕಂಡವನು. ಇಂಥ ಅಧಿಕಾರಿಗಳಿಗೂ ಗಣಿಯವರಿಗೂ ಕೆಲವು ಸಾಹುಕಾರರಿಗೂ ಮೀಸಲಾಗಿದ್ದ ಮೋಟಾರು ಜನಸಾಮಾನ್ಯರ ಪಾಲಿಗೆ ಬಸ್ಸಾಗಿ ಬಂದಿತು. ನಿಜಾಮ್ ಸ್ಟೇಟ್ ರೈಲ್ವೆಯವರು 1932ರಲ್ಲಿ 27 ಬಸ್ಸುಗಳಿಂದ ಆರಂಭಿಸಿದ ರಸ್ತೆ ಸಾರಿಗೆಯೇ ಆ ರಾಜ್ಯದ ಸರಕಾರಿ ಬಸ್ಸುಗಳ ಮೂಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದೇಶದ ಎಷ್ಟೋ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಿಂದ ಓಡಿದುವು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ನೂಕಿದರು. ಎರಡು ಎಣ್ಣೆಗಳ ವ್ಯಾಜ್ಯದಲ್ಲಿ ಈ ಮೂರನೆಯ ಕಕ್ಷಿಗಾರನನ್ನು ಈಗ ಯಾರೂ ನೆನೆಯುವುದಿಲ್ಲ. ಯುದ್ಧಾನಂತರದ ಲಾರಿಗಳೂ ಮೊದಮೊದಲು ಫಾರ್ಗೊ, ಡಾಜ್, ಷೆವರ್ಲೆಗಳೆಂಬ ಪೆಟ್ರೋಲ್ ಕುಡುಕರೇ. ಡೀಸೆಲ್ ಅಷ್ಟರಲ್ಲಿಯೇ ಹಿಂಬಾಗಿಲಿನಿಂದ ಊರು ಹೊಕ್ಕಿತ್ತು. ಹಿಟ್ಟಿನ ಗಿರಣಿಯ ಮೂಲೆಯಲ್ಲಿ, ಅರಳೆ ಹಿಂಜುವ ಜಿನ್ನಿನಲ್ಲಿ, ಎಣ್ಣೆಯ ಮಿಲ್ಲಿನಲ್ಲಿ, ಆಳೆತ್ತರದ ಗಾಲಿಯನ್ನು ತಿರುಗಿಸುತ್ತ, ಕೊಳವೆಯ ಬಾಯಿಂದ ಟುಕ್ ಟುಕ್ ಎಂದು ಹೊಗೆಯುಗುಳುತ್ತ ನಿಂತಲ್ಲಿಯೇ ನಿಂತಿದ್ದ ಎಂಜಿನ್ನು ಅದು. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಉದ್ಯೋಗ ಪ್ರಾರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವು 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿಯನ್ನು ಸ್ಥಾಪಿಸಿದ ತರುವಾಯ ಈ ಯಂತ್ರವು ಬಾವಿಯ ಕಟ್ಟೆಗೂ ಹಳ್ಳದ ದಂಡೆಗೂ ಬಂದಿತು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಕೂಡಿ ಡೀಸೆಲ್ ಲಾರಿಯನ್ನು ಹೊರತಂದುದೇ ತಡ, ಬೆಂಜ್ ಲಾರಿ ಎಂಬ ಹೆಸರು ಚಾಲಕರ ಬಾಯಲ್ಲಿ ಗೌರವದ ಪದವಾಯಿತು. ಪೆಟ್ರೋಲ್ ಲಾರಿ ಕೆಲವೇ ವರ್ಷಗಳಲ್ಲಿ ಗುಜರಿಯ ಪಾಲಾಯಿತು.

ಆದರೆ ಸಿಂಧನೂರನ್ನು ಸಿಂಧನೂರಾಗಿ ಮಾಡಿದುದು ಲಾರಿಯಲ್ಲ, ನೀರು. ಹೈದರಾಬಾದ್ ಮತ್ತು ಮದರಾಸು ಸರಕಾರಗಳು 1945ರಲ್ಲಿ ಅಡಿಗಲ್ಲಿಟ್ಟ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ನೀರು ಬಿಟ್ಟಿತು. ಅದರ ಎಡದಂಡೆ ನಾಲೆಯು ಸುಮಾರು 227 ಕಿಲೋಮೀಟರು ಹರಿದು ಗಂಗಾವತಿ, ಸಿಂಧನೂರು, ಮಾನ್ವಿಗಳ ಒಣಭೂಮಿಯನ್ನು ತೋಯಿಸಿತು. ಯೋಜನೆಯನ್ನು ರೂಪಿಸಿದವರ ಇರಾದೆಯಾದರೋ ಜೋಳ, ಹತ್ತಿ, ಶೇಂಗಾಗಳಿಗೆ ಅಷ್ಟಿಷ್ಟು ನೀರುಣಿಸಿ ಬರದಿಂದ ಕಾಪಾಡುವುದಾಗಿತ್ತು. ಭತ್ತಕ್ಕೆ ಗೊತ್ತುಮಾಡಿದ್ದ ಪಾಲು ಅಲ್ಪವಾದುದು. ನೀರಿನ ರೀತಿಯನ್ನು ಗೋದಾವರಿ ಕೃಷ್ಣಾ ಮುಖಜಭೂಮಿಗಳಲ್ಲಿ ಬಲ್ಲವರಾದ ಆಂಧ್ರದ ರೈತರು ಬಂದು, ಅಗ್ಗಕ್ಕೆ ಭೂಮಿ ಕೊಂಡು, ಕ್ಯಾಂಪುಗಳೆಂದು ಇಂದಿಗೂ ಕರೆಯಿಸಿಕೊಳ್ಳುವ ಊರುಗಳನ್ನು ಕಟ್ಟಿ, ಕಾಗದದ ಮೇಲಿನ ಆ ಬೆಳೆಪಟ್ಟಿಯನ್ನು ಕೆಸರಿನಲ್ಲಿ ಕಲಸಿಬಿಟ್ಟರು. ನಾಡವರೂ ಅವರನ್ನು ಅನುಸರಿಸಿದರು. ನಾಲೆಯ ಕೊನೆಯ ರೈತನಿಗೆ ನೀರು ಮುಟ್ಟದೆ ಹೋದುದೂ, ಅವನು ಹಳ್ಳಕ್ಕೆ ಡೀಸೆಲ್ ಎಂಜಿನ್ನು ಕೂಡಿಸಿ ನೀರೆತ್ತಬೇಕಾದುದೂ ಇದರ ಇನ್ನೊಂದು ಮುಖ. ಒಟ್ಟಿನಲ್ಲಿ ಎರೆ ನೆಲವು ಗದ್ದೆಯಾಯಿತು. ನೀರು ನಿಂತ ಎರೆಯನ್ನು ಕಲಸಿ ರಾಡಿ ಮಾಡುವ ಕೆಲಸವು ಎತ್ತುಗಳ ಅಳವನ್ನು ಮೀರಿತು. ನಾಟಿಯ ಕಾಲಕ್ಕೆ ನಾಲೆಯ ನೀರು ಎಲ್ಲರಿಗೂ ಒಮ್ಮೆಲೇ ಬರುವುದರಿಂದ, ತಿಂಗಳ ಕೆಲಸವನ್ನು ವಾರದಲ್ಲಿ ಮುಗಿಸಬೇಕಾದ ಅವಸರವೂ ಒದಗಿತು. ಟ್ರ್ಯಾಕ್ಟರು ಬಂದುದು ಈ ಅವಸರಕ್ಕೆ. ಪೆಟ್ರೋಲಿನಿಂದ ಹೊತ್ತಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ಹಳೆಯ ಟ್ರ್ಯಾಕ್ಟರುಗಳ ಕಾಲ ಆಗಲೇ ಮುಗಿಯುತ್ತ ಬಂದಿತ್ತು. 1959ರಲ್ಲಿ ಐಷರ್, 1960ರಲ್ಲಿ ಮದರಾಸಿನ ಟಾಫೆ, 1963ರಲ್ಲಿ ಮಹೀಂದ್ರರ ಇಂಟರ್ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ, ಹೀಗೆ ದೇಶದೊಳಗೆ ತಲೆಯೆತ್ತಿದ ಕಾರ್ಖಾನೆಗಳೆಲ್ಲ ಡೀಸೆಲನ್ನೇ ನೆಚ್ಚಿದುವು. ಏಷ್ಯಾ ಖಂಡದಲ್ಲಿಯೇ ಅತಿ ಹೆಚ್ಚು ಟ್ರ್ಯಾಕ್ಟರು ಮಾರಾಟವಾಗುವ ಊರು ತಮ್ಮದೆಂದು ಸಿಂಧನೂರಿನವರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಏಷ್ಯಾವನ್ನು ಅಳೆಯಲು ನಾನು ಹೋಗಿಲ್ಲ. ಊರೊಳಗಿನ ಷೋರೂಮುಗಳ ಸಾಲನ್ನೂ, ಕೆಸರಿನ ಕೇಜ್‌ವೀಲುಗಳನ್ನು ಬಿಚ್ಚದೆ ಡಾಂಬರಿನ ಮೇಲೆ ಹತ್ತಿಸಿಕೊಂಡು ಬಂದ ಗಾಡಿಗಳು ರಸ್ತೆಗೆ ಮಾಡಿದ ಗಾಯಗಳನ್ನೂ ಕಂಡವನು ಆ ಮಾತನ್ನು ಅಲ್ಲಗಳೆಯಲು ಹಿಂಜರಿಯುವನೆಂಬುದು ಮಾತ್ರ ನಿಜ.

ಹೀಗೆ ಈ ಸೀಮೆಯ ಹುಡುಗನೊಬ್ಬನು ಮೊದಲು ಹಿಡಿಯುವ ಸ್ಟಿಯರಿಂಗು ಟ್ರ್ಯಾಕ್ಟರಿನದು, ಮೊದಲು ಕಲಿಯುವ ಕ್ರೀಡೆ ಟ್ರ್ಯಾಲಿ ಸಮೇತ ಅದನ್ನು ಹಿಂದಕ್ಕೆ ನಡೆಸುವುದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಇದಕ್ಕೆ ಬಹುಮಾನದ ಪಂದ್ಯಗಳೇ ಉಂಟು. ಮುಂದಕ್ಕೆ ಓಡಿಸುವುದನ್ನು ಯಾರೂ ಸಾಹಸವೆಂದು ಎಣಿಸುವುದಿಲ್ಲ; ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೊರಳುವ ಆ ಹಟಮಾರಿ ಟ್ರ್ಯಾಲಿಯನ್ನು ನೇರ ಗೆರೆಯಲ್ಲಿ ಹಿಂದಕ್ಕೆ ನೂಕುವ ಕೈಯನ್ನು ನೋಡಲು ಜನ ಸೇರುವರು. ಕಿವಿಯೂ ಇದರಿಂದಲೇ ಪಳಗಿತು. ಡೀಸೆಲ್ ಎಂಜಿನ್ನಿನ ಕಟಕಟ ಸದ್ದು ಪಟ್ಟಣಿಗನಿಗೆ ಗದ್ದಲವಾದರೆ ಇವನಿಗೆ ಆರೋಗ್ಯದ ಲಕ್ಷಣ. ನಾಜಲ್ ಕೆಟ್ಟಿದೆಯೋ, ಪಂಪು ಸೋರುತ್ತಿದೆಯೋ, ಎಣ್ಣೆಯ ಪೈಪಿನಲ್ಲಿ ಏರ್ ಹಿಡಿದಿದೆಯೋ ಎಂಬುದನ್ನು ಸದ್ದಿನಿಂದಲೇ ಹೇಳುವವರು ಹಳ್ಳಿಗೊಬ್ಬರಾದರೂ ಸಿಕ್ಕುವರು. ಪೆಟ್ರೋಲ್ ಗಾಡಿಯ ಕಾರ್ಬೊರೇಟರು, ಪಾಯಿಂಟು, ಪ್ಲಗ್ಗುಗಳ ನಾಜೂಕು ಧೂಳು ತುಂಬಿದ ಈ ಹಾದಿಗಳಿಗೆ ಒಗ್ಗಲಿಲ್ಲ. ಕಿಡಿಯನ್ನೇ ನಂಬಿದ ಯಂತ್ರ ಮಳೆಯಲ್ಲಿ ನೆನೆದರೆ ಮುನಿಸಿಕೊಂಡು ನಿಲ್ಲುವುದು.

ಟ್ರ್ಯಾಕ್ಟರಿಗೂ ಕಾರಿಗೂ ನಡುವಣ ಸೇತುವೆ ಜೀಪು. ಯುದ್ಧದ ವಿಲ್ಲಿಸ್ ಜೀಪುಗಳನ್ನು ಮಹೀಂದ್ರರು 1940ರ ದಶಕದ ಕೊನೆಯಲ್ಲಿ ಜೋಡಿಸತೊಡಗಿದಾಗ ಅವು ಪೆಟ್ರೋಲಿನವು. ಅಧಿಕಾರಿಗಳ, ಅರಣ್ಯ ಇಲಾಖೆಯವರ, ಚುನಾವಣೆಗಳ ವಾಹನಗಳು. 1973ರ ತೈಲ ಸಂಕಟದ ಬಳಿಕ ಪೆಟ್ರೋಲಿನ ಬೆಲೆ ಏರಿದಾಗ ಕಂಪನಿಯವರು ದೂರ ಹೋಗಲಿಲ್ಲ; ತಮ್ಮದೇ ಇಂಟರ್ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು ಎತ್ತಿ ಜೀಪಿನ ಬಾನೆಟ್ಟಿನ ಕೆಳಗೆ ಕೂಡಿಸಿದರು. ಹೊಲದ ಹೃದಯವು ಹೆದ್ದಾರಿಯ ದೇಹಕ್ಕೆ ಸೇರಿತು. ಬಿಡಿಭಾಗ ಬೇಕಾದರೆ ಟ್ರ್ಯಾಕ್ಟರಿನ ಅಂಗಡಿಯಲ್ಲಿಯೇ ದೊರೆಯಿತು, ರಿಪೇರಿಯಾದರೆ ಟ್ರ್ಯಾಕ್ಟರಿನ ಮಿಸ್ತ್ರಿಯೇ ಸಾಕಾದ. 1980ರಲ್ಲಿ ಹಿಂದೂಸ್ತಾನ್ ಮೋಟರ್ಸ್ ಅಂಬಾಸಿಡರಿಗೆ 1489 ಸಿಸಿಯ ಡೀಸೆಲ್ ಎಂಜಿನ್ನನ್ನು ಅಳವಡಿಸಿತು. ಅದರ ಅಶ್ವಬಲ ಕೇವಲ 37. ಏರು ಹತ್ತುವಾಗ ಅದು ನಿಟ್ಟುಸಿರಿಡುವುದನ್ನು ಕೇಳಿದವರು ಈ ಗಾಡಿಗೂ ಕ್ರೀಡೆಗೂ ಸಂಬಂಧ ಕಲ್ಪಿಸಲಾರರು. ಆದರೂ ಏಳೆಂಟು ಜನರನ್ನು ತುಂಬಿಕೊಂಡು ಮದುವೆಗೂ ಆಸ್ಪತ್ರೆಗೂ ಮಂತ್ರಾಲಯಕ್ಕೂ ನಿಲ್ಲದೆ ಹೋಗಿಬಂದ ಟ್ಯಾಕ್ಸಿಗಳಿಂದಾಗಿ, ಕಾರಿಗೆ ಎಣ್ಣೆಯೆಂದರೆ ಡೀಸೆಲ್ ಎಂಬ ರೂಢಿ ಇಲ್ಲಿ ಬೇರೂರಿತು.

ಇಲ್ಲಿ ನನ್ನ ವಾದಕ್ಕೆ ಅಡ್ಡಬರುವ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ನಾಲ್ಕು ಗಾಲಿಯ ಮೇಲೆ ಜಗ್ಗನ್ನು ಮೆಚ್ಚಿದ ಈ ಜನವೇ ಎರಡು ಗಾಲಿಯ ಮೇಲೆ ಓಟಕ್ಕೆ ಮರುಳಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ಆ ಮೇಲೆ 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100, ಇವುಗಳ ಚೀತ್ಕಾರವನ್ನು ಕೇಳಿ ಪುಲಕಿತರಾಗದ ತರುಣರು ಮಸ್ಕಿಯಲ್ಲಿಯೂ ಇರಲಿಲ್ಲ, ಲಿಂಗಸುಗೂರಿನಲ್ಲಿಯೂ ಇರಲಿಲ್ಲ. 1990ರ ದಶಕದಲ್ಲಿ ಎನ್‌ಫೀಲ್ಡಿನವರು 325 ಸಿಸಿಯ ಡೀಸೆಲ್ ಮೋಟಾರ್‌ಸೈಕಲ್ಲೊಂದನ್ನು ಮಾರಿದರು. ಅದರ ಮೈಲೇಜು ಮೆಚ್ಚತಕ್ಕದ್ದೇ, ಆದರೆ ಬಲವೆಂಬುದು ಆರೂವರೆ ಅಶ್ವದ್ದು. ಅದರ ಮೂರನೆಯ ಒಂದು ಪಾಲಿನಷ್ಟೂ ಇಲ್ಲದ ಯಮಹಾ ಎಂಜಿನ್ನು ಹನ್ನೊಂದು ಅಶ್ವಬಲ ಕೊಡುತ್ತಿತ್ತು. ಎನ್‌ಫೀಲ್ಡಿನ ಡೀಸೆಲ್ ಗಾಡಿಯ ಮೇಲೆ ಕುಳಿತವನ ಹಲ್ಲುಗಳು ನಡುಗುತ್ತಿದ್ದುವೆಂಬುದು ಅತಿಶಯೋಕ್ತಿಯಲ್ಲ. ಎಳೆಯಬೇಕಾದ ಭಾರವಿಲ್ಲದಿರುವಲ್ಲಿ ಜಗ್ಗು ನಿರರ್ಥಕ. ಒಬ್ಬನೇ ಸವಾರನುಳ್ಳ ಹಗುರ ಗಾಡಿಗೆ ಪೆಟ್ರೋಲೇ ಒಪ್ಪುವುದೆಂಬುದನ್ನು ರೈತನೂ ಬಲ್ಲ.

ಹಾಗಾದರೆ ಡೀಸೆಲ್ ಕಾರು ಚುರುಕಾದುದು ಯಾವಾಗ? ಈ ಕನಸು ಹೊರಜಗತ್ತಿನಲ್ಲಿ ಹಳೆಯದು. ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ 1931ರಲ್ಲಿ ಕಮಿನ್ಸ್ ಕಂಪನಿಯ ಡೀಸೆಲ್ ಕಾರೊಂದು 500 ಮೈಲಿಗಳನ್ನು ಒಮ್ಮೆಯೂ ನಿಲ್ಲದೆ ಓಡಿ ಮುಗಿಸಿತು. 1952ರಲ್ಲಿ ಅದೇ ಕಂಪನಿಯ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಬ ಉಪಕರಣವುಳ್ಳ ಡೀಸೆಲ್ ಕಾರು ಎಲ್ಲರನ್ನೂ ಹಿಂದಿಕ್ಕಿ ಮುಂಚೂಣಿಯ ಸ್ಥಾನ ಪಡೆದು, ಪಂದ್ಯದ ನಡುವೆ ಟರ್ಬೊದ ಬಾಯಿಗೆ ಕಸ ಸಿಕ್ಕಿಕೊಂಡು ನಿಂತುಹೋಯಿತು. ಸಾರ್ವಜನಿಕರಿಗೆ ಮಾರಿದ ಡೀಸೆಲ್ ಕಾರುಗಳ ಆದಿಯಲ್ಲಿರುವ 1936ರ ಮರ್ಸಿಡಿಸ್ 260 ಡಿ ಟ್ಯಾಕ್ಸಿಯವರ ಗಾಡಿಯಾಯಿತೇ ಹೊರತು ವಿಲಾಸಿಗಳದಾಗಲಿಲ್ಲ. ನಿಜವಾದ ತಿರುವು ಬಂದುದು 1997ರಲ್ಲಿ: ಇಟಲಿಯ ಫಿಯಟ್ ಬಳಗದ ಸಂಶೋಧಕರು ರೂಪಿಸಿ ಜರ್ಮನಿಯ ಬಾಷ್ ಕಂಪನಿ ಪಕ್ವಗೊಳಿಸಿದ ಕಾಮನ್ ರೈಲ್ ವಿಧಾನವು ಆಲ್ಫಾ ರೋಮಿಯೊ 156 ಎಂಬ ಕಾರಿನಲ್ಲಿ ಬಳಕೆಗೆ ಬಂದಿತು. ಸಿಲಿಂಡರಿಗೊಂದರಂತೆ ಪ್ರತ್ಯೇಕವಾಗಿ ಪಂಪು ನೂಕುತ್ತಿದ್ದ ಎಣ್ಣೆಯನ್ನು ರೈಲೆಂಬ ಒಂದೇ ಕೊಳವೆಯಲ್ಲಿ ಅಪಾರ ಒತ್ತಡದಿಂದ ತುಂಬಿಟ್ಟು, ವಿದ್ಯುತ್ತಿನ ಆಜ್ಞೆಯಂತೆ ತೆರೆದು ಮುಚ್ಚುವ ನಾಜಲ್ಲುಗಳಿಂದ ಒಂದೇ ಹೊಡೆತಕ್ಕೆ ಹಲವು ಸಲ ಸೂಕ್ಷ್ಮವಾಗಿ ಚಿಮ್ಮಿಸಿದಾಗ, ಆ ಪುರಾತನ ಕಟಕಟವೂ ಕರಿಹೊಗೆಯೂ ಇಳಿದು, ಟರ್ಬೊದ ಸಹಾಯದಿಂದ ಜಗ್ಗು ಇಮ್ಮಡಿಸಿತು. 2006ರ ಜೂನಿನಲ್ಲಿ ಫ್ರಾನ್ಸಿನ ಲೆ ಮಾನ್ಸ್ ಇಪ್ಪತ್ನಾಲ್ಕು ಗಂಟೆಗಳ ಪಂದ್ಯವನ್ನು ಹನ್ನೆರಡು ಸಿಲಿಂಡರಿನ ಔಡಿ ಆರ್10 ಡೀಸೆಲ್ ಕಾರು ಗೆದ್ದಿತು. ಡೀಸೆಲಿಗೆ ಅಲ್ಲಿ ಅದೇ ಮೊದಲ ಜಯ. ಸ್ಪರ್ಧಿಗಳಿಗಿಂತ ಅದರ ಸದ್ದೇ ಕಡಿಮೆಯಿದ್ದಿತೆಂಬುದನ್ನು ನಮ್ಮ ಮಿಸ್ತ್ರಿಗೆ ಹೇಳಿದಾಗ ಅವನು ನಂಬಲಿಲ್ಲ.

ಆ ಜಯದ ಸುದ್ದಿ ಸಿಂಧನೂರಿಗೆ ಬಂದಿತೋ ಇಲ್ಲವೋ, ಅದರ ಸೋದರಸಂಬಂಧಿ ಮಾತ್ರ ಮರುವರ್ಷವೇ ಬಂದಿತು. 2007ರಲ್ಲಿ ಮಾರುತಿಯವರು ತಮ್ಮ ಸ್ವಿಫ್ಟ್ ಕಾರಿಗೆ ಫಿಯಟ್ಟಿನ 1248 ಸಿಸಿಯ ಮಲ್ಟಿಜೆಟ್ ಡೀಸೆಲ್ ಎಂಜಿನ್ನನ್ನು ಕೂಡಿಸಿದರು. ಅಂಕಿಗಳನ್ನು ನೋಡಬೇಕು: ಪೆಟ್ರೋಲ್ ಸ್ವಿಫ್ಟಿಗೆ 87 ಅಶ್ವಬಲ, 113 ನ್ಯೂಟನ್ ಮೀಟರ್ ಜಗ್ಗು, ಅದೂ ಎಂಜಿನ್ನು ನಿಮಿಷಕ್ಕೆ 4500 ಸುತ್ತು ಸುತ್ತಿದಾಗ, ಡೀಸೆಲ್ ಸ್ವಿಫ್ಟಿಗೆ 75 ಅಶ್ವಬಲವೇ ಆದರೂ 190 ನ್ಯೂಟನ್ ಮೀಟರ್ ಜಗ್ಗು, ಅದು ಬರೇ 2000 ಸುತ್ತುಗಳಲ್ಲಿ. ಭತ್ತದ ಟ್ರ್ಯಾಲಿಯ ಹಿಂದೆ ತೆವಳುತ್ತಿರುವಾಗ ಎಂಜಿನ್ನು ಇರುವುದೇ ಆ ಎರಡು ಸಾವಿರದ ಆಸುಪಾಸಿನಲ್ಲಿ. ಗೇರು ಬದಲಿಸಿ, ಸುತ್ತು ಏರಿಸಿ, ಕೂಗಿಸಿ ಹೊರಡುವಷ್ಟು ವ್ಯವಧಾನ ಪೆಟ್ರೋಲಿಗೆ ಬೇಕು, ಡೀಸೆಲಿಗೆ ಕಾಲೊತ್ತಿದರೆ ಸಾಕು. ಧರ್ಮದಲ್ಲಿ ತೊಡಗಿದರೆ ಕಿರಿಯನೂ ಹಿರಿದನ್ನು ಪಡೆಯಬಲ್ಲನೆಂಬ ಆಶಯದ ಮಾತನ್ನು ಅಶೋಕನು ಮಸ್ಕಿಯ ಬಂಡೆಯ ಮೇಲೆ ಬರೆಯಿಸಿದ್ದಾನೆ. ಆ ಬಂಡೆಯ ಮುಂದಿನ ಹೆದ್ದಾರಿಯಲ್ಲಿ ಈ ಪುಟ್ಟ ಎಂಜಿನ್ನು ದೊಡ್ಡ ಗಾಡಿಗಳನ್ನು ಹಿಂದಿಕ್ಕುವುದನ್ನು ಕಂಡಾಗ, ಸಂದರ್ಭ ಬೇರೆಯಾದರೂ, ನನಗೆ ಆ ಶಾಸನದ ನೆನಪಾದುದುಂಟು. ಶುದ್ಧ ಕ್ರೀಡಾಪ್ರಿಯರಿಗೆ ಎರಡು ಎಣ್ಣೆಗಳ ಹೋಲಿಕೆಯು ಇನ್ನೂ ನಿಚ್ಚಳವಾದುದು 2013ರಲ್ಲಿ. ಫೋಕ್ಸ್‌ವ್ಯಾಗನ್‌ನವರು ಪೋಲೊ ಕಾರಿನ ಜಿಟಿ ಮಾದರಿಯನ್ನು ಪೆಟ್ರೋಲು ಡೀಸೆಲು ಎರಡರಲ್ಲಿಯೂ ಸರಿಯಾಗಿ 105 ಅಶ್ವಬಲದೊಡನೆ ಮಾರಿದರು. ಜಗ್ಗು ಮಾತ್ರ ಪೆಟ್ರೋಲಿಗೆ 175, ಡೀಸೆಲಿಗೆ 250. ಕುದುರೆಗಳ ಸಂಖ್ಯೆ ಒಂದೇ, ಎತ್ತುಗಳ ಸಂಖ್ಯೆ ಬೇರೆ. ಪೆಟ್ರೋಲ್ ಗಾಡಿಯಲ್ಲಿ ಸುತ್ತು ಏರಿದಂತೆಲ್ಲ ಏರುವ ಒಂದು ಉಲ್ಲಾಸವಿದೆ, ಅದು ಸಂಗೀತದ ತಾರಸ್ಥಾಯಿಯಂಥದು. ಡೀಸೆಲಿನ ಬಲ ನಡುವಿನಲ್ಲಿಯೇ ಮುಗಿದುಹೋಗುವುದು. ಆ ಉಲ್ಲಾಸಕ್ಕೆ ತೆರವಾದ ರಸ್ತೆ ಬೇಕು. ಅಂಥ ರಸ್ತೆ ಲಿಂಗಸುಗೂರಿಗೂ ಸಿಂಧನೂರಿಗೂ ನಡುವೆ ರಾತ್ರಿ ಎರಡು ಗಂಟೆಗಲ್ಲದೆ ದೊರೆಯದು.

ಆದರೆ ಈ ಪ್ರೀತಿಯೆಲ್ಲ ಜಗ್ಗಿನ ಮೇಲಣದೇ ಎಂದರೆ ಪ್ರಾಮಾಣಿಕವಾಗದು. ಪೆಟ್ರೋಲು ಉಳ್ಳವರ ಎಣ್ಣೆ, ಡೀಸೆಲು ರೈತನ ಮತ್ತು ಬಸ್ಸಿನ ಎಣ್ಣೆ ಎಂಬ ಭಾವನೆಯಿಂದ ಸರಕಾರವು ದಶಕಗಳ ಕಾಲ ಒಂದಕ್ಕೆ ತೆರಿಗೆ ಹೇರಿ ಇನ್ನೊಂದಕ್ಕೆ ಸಹಾಯಧನ ನೀಡಿತು. 2010ರ ಜೂನಿನಲ್ಲಿ ಪೆಟ್ರೋಲಿನ ಬೆಲೆಯನ್ನು ಪೇಟೆಗೆ ಬಿಟ್ಟು ಡೀಸೆಲನ್ನು ಹಿಡಿದಿಟ್ಟುದರಿಂದ, 2012ರ ಬೇಸಗೆಯಲ್ಲಿ ದಿಲ್ಲಿಯಲ್ಲಿ ಪೆಟ್ರೋಲು ಲೀಟರಿಗೆ 73 ರೂಪಾಯಿ ಆಗಿದ್ದಾಗ ಡೀಸೆಲು 41 ರೂಪಾಯಿಯಷ್ಟಿತ್ತು. ಕೆಸರಿನ ಟ್ರ್ಯಾಕ್ಟರಿಗೆಂದು ಕೊಟ್ಟ ರಿಯಾಯಿತಿಯನ್ನು ಅದೇ ಬಂಕಿನಲ್ಲಿ, ಅದೇ ಪಂಪಿನಿಂದ, ಟ್ರ್ಯಾಕ್ಟರಿನ ಪಕ್ಕದಲ್ಲಿಯೇ ನಿಂತ ಸಾಹುಕಾರರ ಫಾರ್ಚೂನರ್ ಕಾರು ಕುಡಿಯಿತು. ಡೀಸೆಲ್ ಕಾರುಗಳಿಗೆ 80,000 ರೂಪಾಯಿಯ ಹೆಚ್ಚುವರಿ ಸುಂಕ ಹಾಕಬೇಕೆಂದು ಕಿರೀಟ್ ಪಾರೀಖ್ ಸಮಿತಿ 2010ರಲ್ಲಿಯೇ ಹೇಳಿದ್ದ ಮಾತು ಕಡತದಲ್ಲಿಯೇ ಉಳಿಯಿತು. ಒಂದು ಕಾಲಕ್ಕೆ ದೇಶದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಡೀಸೆಲಿನವಾದುವು. ಇದರಲ್ಲಿ ಅನ್ಯಾಯವಿತ್ತೆಂದೇ ನನ್ನ ಅಭಿಪ್ರಾಯ. ಅದೇ ಕಾಲದಲ್ಲಿ ನಾನೂ ಒಂದು ಡೀಸೆಲ್ ಕಾರು ಇಟ್ಟುಕೊಂಡಿದ್ದೆನೆಂಬುದು ಆ ಅಭಿಪ್ರಾಯದ ತೂಕವನ್ನು ಓದುಗರು ಬೇಕಾದಷ್ಟು ಕಡಮೆ ಮಾಡಿಕೊಳ್ಳಲು ಸಾಕಾದ ಕಾರಣ. ತಿಂಗಳಿಗೆ ಐವತ್ತು ಪೈಸೆಯಂತೆ 2013ರ ಜನವರಿಯಿಂದ ಏರತೊಡಗಿದ ಡೀಸೆಲ್ ಬೆಲೆಯು 2014ರ ಅಕ್ಟೋಬರಿನಲ್ಲಿ ಸಂಪೂರ್ಣವಾಗಿ ಪೇಟೆಯ ಪಾಲಾಯಿತು. 2015ರಲ್ಲಿ ಫೋಕ್ಸ್‌ವ್ಯಾಗನ್‌ನವರು ಹೊಗೆಯ ಪರೀಕ್ಷೆಯಲ್ಲಿ ಮಾಡಿದ ಮೋಸ ಅಮೆರಿಕದಲ್ಲಿ ಬಯಲಾಗಿ ಡೀಸೆಲಿನ ಮಾನ ಲೋಕದಲ್ಲೆಲ್ಲ ಕುಗ್ಗಿತು. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಜಾರಿಗೆ ಬಂದಾಗ, ಹೊಗೆಯನ್ನು ಸೋಸುವ ಉಪಕರಣಗಳ ವೆಚ್ಚವನ್ನು ಸಣ್ಣ ಕಾರು ತಾಳಲಾರದೆಂದು, ಮಾರುತಿಯವರು ಡೀಸೆಲನ್ನೇ ಬಿಟ್ಟರು. ಜಗ್ಗು ಬೇಕಾದವರಿಗೆ ಈಗ ಉಳಿದಿರುವುದು ಹೆಚ್ಚಾಗಿ ಸ್ಕಾರ್ಪಿಯೊದಂಥ ದೊಡ್ಡ ಗಾಡಿಗಳು.

ಈಚೆಗೆ ಆ ಮಿಸ್ತ್ರಿಯ ಗ್ಯಾರೇಜಿಗೆ ಹೋಗಿದ್ದೆ. ನಾಜಲ್ಲುಗಳನ್ನು ಒತ್ತಿ ಪರೀಕ್ಷಿಸುವ ಅವನ ಕೈಪಂಪಿನ ಮೇಲೆ ಒಂದು ಗೋಣಿತಟ್ಟು ಬಿದ್ದಿತ್ತು. ಟ್ರ್ಯಾಕ್ಟರು ಬಂದಾಗ ಮಾತ್ರ ಅದನ್ನು ಸರಿಸುತ್ತೇನೆಂದ. ಅಷ್ಟರಲ್ಲಿ ಕ್ಯಾಂಪಿನ ಹುಡುಗನೊಬ್ಬ ಹೊಸ ಪೆಟ್ರೋಲ್ ಕಾರೊಂದನ್ನು ತಂದು ನಿಲ್ಲಿಸಿ, “ಪಿಕಪ್ ಕಡಿಮಿ ಆಗೈತಿ, ನೋಡ್ರಿ ಕಾಕಾ” ಎಂದ. ಮಿಸ್ತ್ರಿ ಒಲ್ಲದ ಮನಸ್ಸಿನಿಂದ ಬಾನೆಟ್ಟು ಎತ್ತಿ, ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಕಿತ್ತು, ಒಳಗೆ ಟಾರ್ಚು ಹಿಡಿದ. ಮೊದಲು ಕಂಡುದು ಟರ್ಬೊ. ಆ ಬಳಿಕ ಅದರಾಚೆ, ಎಣ್ಣೆಯನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ಒತ್ತಡದ ಪಂಪು, ಅದರಿಂದ ಹೊರಟ ರೈಲು, ರೈಲಿಗೆ ಕಚ್ಚಿಕೊಂಡ ನಾಲ್ಕು ನಾಜಲ್ಲುಗಳು. ಅವನು ಟಾರ್ಚನ್ನು ಅಲ್ಲಿಯೇ ಹಿಡಿದು ಬಹಳ ಹೊತ್ತು ಬಗ್ಗಿ ನೋಡಿದ.

“ಇವೆಲ್ಲ ನಮ್ಮವೇ ಅದಾವಲ್ರೀ” ಎಂದು, ಗೋಣಿತಟ್ಟನ್ನು ಎತ್ತಿ ಕೈ ಒರೆಸಿಕೊಂಡ.